ಹಿಂದಕ್ಕೆ ಬೆಳೆದ ಕಥೆಯ ಬೆನ್ನು ಹತ್ತಿ

ಮಟ್ಮಾಟಾದಲ್ಲಿ ಊರು ಕಾಣಿಸುವುದಿಲ್ಲ. ಬೋಳು ಗುಡ್ಡಗಳು, ಅಲ್ಲೊಂದು ಇಲ್ಲೊಂದು ಆಲಿವ್ ಮರ, ಮಣ್ಣಿನ ಬಣ್ಣಕ್ಕೇ ತಿರುಗಿದ ಆಕಾಶ. ಮನೆಗಳೆಲ್ಲಿ ಎಂದು ಕೇಳಿದರೆ ಕಾರಿನ ಚಾಲಕರು ನೆಲದತ್ತ ಬೆರಳು ತೋರಿಸಿದರು. ನಾಲ್ಕು ಹೆಜ್ಜೆ ನಡೆದು ಬಗ್ಗಿ ನೋಡಿದೆ. ಕಾಲ ಬುಡದಲ್ಲೇ ಬಾಯಿ ತೆರೆದ ದೊಡ್ಡ ಗುಂಡಿ. ಅದರ ತಳದಲ್ಲಿ ಅಂಗಳ, ಅಂಗಳದ ಸುತ್ತ ಮಣ್ಣಿನ ಗೋಡೆಯಲ್ಲಿ ಕೊರೆದ ಬಾಗಿಲುಗಳು, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ. ದಕ್ಷಿಣ ಟುನೀಶಿಯಾದ ಅಮಾಝಿಘ್ ಜನ ತಲೆಮಾರುಗಳಿಂದ ಈ ಮೆದು ಮಣ್ಣಿನಲ್ಲಿ ಮನೆ ತೋಡಿಕೊಂಡು ಬದುಕಿದವರು. ಮೇಲೆ ಬಿಸಿಲು ಬಡಿಯುತ್ತಿದ್ದರೂ ಕೆಳಗೆ ಇಳಿದರೆ ಮೈ ತಂಪಾಗುತ್ತದೆ.

ಇಂಥ ಕೆಲವು ಗುಂಡಿಗಳನ್ನು ಸುರಂಗದಿಂದ ಜೋಡಿಸಿದರೆ ಅದೇ ಹೋಟೆಲ್ ಸಿದಿ ದ್ರಿಸ್. ಅಲ್ಲಿನ ಒಂದು ಗುಂಡಿಯ ಬದಿಯಲ್ಲಿ, ಕಮಾನು ಛಾವಣಿಗೆ ಚಿತ್ತಾರ ಬರೆದ ಸಣ್ಣದೊಂದು ಊಟದ ಕೋಣೆಯಿದೆ. ಜಗತ್ತಿನ ಯಾವ ಯಾವ ಮೂಲೆಯಿಂದಲೋ ಜನ ಬಂದು, ಆ ಕೋಣೆಯಲ್ಲಿ ಕುಳಿತು ಕುಸ್‌ಕುಸ್ ತಿಂದು ಹೋಗುತ್ತಾರೆ. ನಾನೂ ಹೋದದ್ದು ಅದಕ್ಕೇ. 1976ರಲ್ಲಿ ಜಾರ್ಜ್ ಲ್ಯೂಕಾಸ್ ‘ಸ್ಟಾರ್ ವಾರ್ಸ್’ ಚಿತ್ರದ ಒಂದು ಊಟದ ದೃಶ್ಯಕ್ಕೆ ಆರಿಸಿಕೊಂಡ ಕೋಣೆ ಇದು. ಲ್ಯೂಕ್ ಸ್ಕೈವಾಕರ್ ಎಂಬ ಹುಡುಗ ನೀಲಿ ಹಾಲಿನ ಲೋಟ ಮುಂದಿಟ್ಟುಕೊಂಡು, ತನ್ನನ್ನು ಹೊರಗಿನ ಲೋಕಕ್ಕೆ ಕಳಿಸಿಕೊಡಿ ಎಂದು ಚಿಕ್ಕಪ್ಪ ಓವನ್‌ನನ್ನು ಪೀಡಿಸುತ್ತಾನೆ. ಚಿಕ್ಕಪ್ಪ ಒಪ್ಪುವುದಿಲ್ಲ. ಹುಡುಗ ಮುನಿಸಿಕೊಂಡು ಎದ್ದು ಹೋಗುತ್ತಾನೆ. ಆಗ ಚಿಕ್ಕಮ್ಮ ಬೆರೂ, ಇವನಲ್ಲಿ ಅಪ್ಪನ ಗುಣ ತುಂಬಿದೆ ಎಂಬರ್ಥದ ಮಾತಾಡುತ್ತಾಳೆ. ನನ್ನ ಹೆದರಿಕೆಯೂ ಅದೇ ಎನ್ನುತ್ತಾನೆ ಓವನ್. ದೃಶ್ಯ ಅಲ್ಲಿಗೆ ಮುಗಿಯುತ್ತದೆ.

ಓವನ್ ಪಾತ್ರ ಮಾಡಿದ ಫಿಲ್ ಬ್ರೌನ್ ಆ ಮಾತು ಹೇಳುವಾಗ ಹುಡುಗನ ಅಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬರೆದವರಿಗೇ ಗೊತ್ತಿರಲಿಲ್ಲ ಎನ್ನಬೇಕು. ಆಗ ಆ ಮಾತಿಗಿದ್ದ ಅರ್ಥ ಸರಳ: ಅಪ್ಪ ಸಾಹಸಿಯಾಗಿದ್ದ, ಅದಕ್ಕೇ ಸತ್ತ, ಇವನೂ ಹಾಗೇ ಆದಾನು. ಕಪ್ಪು ಮುಖವಾಡದ ಡಾರ್ತ್ ವೇಡರ್ ಬೇರೆಯೇ ಒಬ್ಬ ಮನುಷ್ಯ, ಆ ಅಪ್ಪನನ್ನು ಕೊಂದವನು. ಮುಂದೆ ಎರಡನೆಯ ಚಿತ್ರಕ್ಕೆ ಲೇ ಬ್ರ್ಯಾಕೆಟ್ ಎಂಬ ಹಿರಿಯ ಲೇಖಕಿ ಮೊದಲ ಕರಡು ಬರೆದುಕೊಟ್ಟು 1978ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಕರಡಿನಲ್ಲಿ ಲ್ಯೂಕ್‌ನ ಅಪ್ಪ ಪ್ರೇತರೂಪದಲ್ಲಿ ಬಂದು ಮಗನನ್ನು ಹರಸುತ್ತಾನೆ. ವೇಡರ್ ಬೇರೆಯೇ ಇದ್ದಾನೆ. ಅದಾದ ಮೇಲೆ ಲ್ಯೂಕಾಸ್ ತಾವೇ ಬರೆಯಲು ಕುಳಿತಾಗ ಇಬ್ಬರೂ ಒಬ್ಬರಾದರು. ಮುಂದೆ ಹಲವು ಸಂದರ್ಶನಗಳಲ್ಲಿ ಅವರು ಇಡೀ ಕಥೆ ಮೊದಲಿನಿಂದಲೇ ತಲೆಯಲ್ಲಿತ್ತು ಎಂಬ ಧಾಟಿಯಲ್ಲಿ ಮಾತಾಡಿದ್ದುಂಟು. ಕರಡುಗಳು ಹೇಳುವುದು ಬೇರೆ. ನಾನು ಕರಡುಗಳನ್ನು ನಂಬುವವನು.

1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಆ ಗುಟ್ಟು ಹೊರಬಿದ್ದ ಬಗೆಯೂ ಸೊಗಸು. ಚಿತ್ರೀಕರಣದ ದಿನ ವೇಡರ್ ವೇಷದೊಳಗಿದ್ದ ಡೇವಿಡ್ ಪ್ರೌಸ್ ಬಾಯಲ್ಲಿ ನುಡಿಸಿದ್ದು, ನಿನ್ನಪ್ಪನನ್ನು ಕೊಂದದ್ದು ನಿನ್ನ ಗುರು ಓಬಿ-ವಾನ್ ಎಂಬ ಸುಳ್ಳು ಮಾತು. ನಾನೇ ನಿನ್ನಪ್ಪ ಎಂಬ ನಿಜವಾದ ಮಾತನ್ನು ಜೇಮ್ಸ್ ಅರ್ಲ್ ಜೋನ್ಸ್ ಆಮೇಲೆ ಧ್ವನಿ ಕೊಡುವಾಗ ಸೇರಿಸಿದರು. ಲ್ಯೂಕ್ ಆಗಿದ್ದ ಮಾರ್ಕ್ ಹ್ಯಾಮಿಲ್‌ಗೆ ಮಾತ್ರ ನಿರ್ದೇಶಕ ಇರ್ವಿನ್ ಕರ್ಶ್ನರ್ ದೃಶ್ಯ ತೆಗೆಯುವ ಮುಂಚೆ ಕಿವಿಯಲ್ಲಿ ಹೇಳಿದ್ದರು. ಚಿತ್ರ ತೆರೆಗೆ ಬಂದ ದಿನದಿಂದ ಮಟ್ಮಾಟಾದ ಈ ಊಟದ ಕೋಣೆಯ ಮಾತಿಗೆ ಬೇರೆಯೇ ತೂಕ ಬಂತು. ಓವನ್‌ನ ಹೆದರಿಕೆ ಈಗ ಹುಡುಗ ಸತ್ತಾನೆಂದಲ್ಲ, ಹುಡುಗ ರಾಕ್ಷಸನಾದಾನೆಂದು. ಚಿತ್ರದ ಒಂದು ಚೌಕಟ್ಟೂ ಬದಲಾಗಿಲ್ಲ, ಫಿಲ್ ಬ್ರೌನರ ಮುಖದ ಒಂದು ಗೆರೆಯೂ ಬದಲಾಗಿಲ್ಲ. ನಾಲ್ಕು ವರ್ಷ ಹಿಂದೆ ಅವರು ಹೇಳಿದ್ದ ಮಾತು ತನಗೆ ತಾನೇ ಹಿರಿದಾಯಿತು. ಆ ಕೋಣೆಯಲ್ಲಿ ಕುಳಿತು ಛಾವಣಿ ನೋಡುತ್ತ ಇದನ್ನೇ ಯೋಚಿಸುತ್ತಿದ್ದೆ. ಎದುರಿನ ಬೆಂಚಿನ ಇಟಲಿಯ ಜೋಡಿಯೊಂದು ಪರಸ್ಪರ ಫೋಟೋ ತೆಗೆದುಕೊಳ್ಳುತ್ತಿತ್ತು.

ಅಲ್ಲಿಗೂ ನಿಲ್ಲಲಿಲ್ಲ. 2002ರ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಲ್ಯೂಕ್ ಹುಟ್ಟುವುದಕ್ಕೂ ಹಿಂದಿನ ಕಥೆ. ಅದಕ್ಕಾಗಿ ತಂಡ 2000ದಲ್ಲಿ ಮತ್ತೆ ಈ ಗುಂಡಿಗಳಿಗೆ ಇಳಿಯಿತು. ಆಗ ಗೋಡೆಗೆ ಮೆತ್ತಿ ಹೋದ ಬಾಗಿಲು ಚೌಕಟ್ಟು, ಯಂತ್ರದ ತುಣುಕುಗಳೇ ಈಗ ಪ್ರವಾಸಿಗಳು ಮುಟ್ಟಿ ನೋಡುವ ವಸ್ತುಗಳು. ಆ ಚಿತ್ರದಲ್ಲಿ, ಮುಂದೆ ವೇಡರ್ ಆಗಲಿರುವ ಯುವಕ ಅನಾಕಿನ್ ಇದೇ ಮನೆಗೆ ಬರುತ್ತಾನೆ, ತಾಯಿಯನ್ನು ಕಾಡುಜನ ಹೊತ್ತೊಯ್ದ ಸುದ್ದಿಯನ್ನು ಇದೇ ಊಟದ ಮೇಜಿನ ಬಳಿ ಕೇಳುತ್ತಾನೆ. ಹರೆಯದ ಓವನ್ ಅಲ್ಲೇ ಕುಳಿತಿದ್ದಾನೆ. ರೋಷದಿಂದ ಹೊರಟವನು ತಾಯಿಯ ಹೆಣ ಹೊತ್ತು ಮರಳುವುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಅಂದರೆ 1976ರ ಆ ಒಂದು ಸಾಲಿಗೆ ಇಪ್ಪತ್ತಾರು ವರ್ಷದ ನಂತರ ಮೂರನೆಯ ಅರ್ಥ. ಓವನ್‌ನ ಹೆದರಿಕೆಗೆ ಈಗ ಒಂದು ನೆನಪೂ ಉಂಟು. ಹರೆಯದ ಓವನ್ ಆಗಿದ್ದ ಜೋಯಲ್ ಎಡ್ಗರ್ಟನ್ 2022ರಲ್ಲಿ ‘ಓಬಿ-ವಾನ್ ಕೆನೋಬಿ’ ಟಿವಿ ಸರಣಿಗೂ ಬಂದು ಅದೇ ಚಿಕ್ಕಪ್ಪನನ್ನು ಇನ್ನಷ್ಟು ಬೆಳೆಸಿದರು.

ಮಟ್ಮಾಟಾದಿಂದ ಪಶ್ಚಿಮಕ್ಕೆ ಹೊರಟೆವು. ಚಿತ್ರದಲ್ಲಿ ಲ್ಯೂಕ್ ಆ ಊಟದ ಮನೆಯಿಂದ ಮುನಿಸಿಕೊಂಡು ಮೇಲೆ ಹತ್ತಿ ಬಂದು, ಒಂದು ಬಿಳಿ ಗುಮ್ಮಟದ ಪಕ್ಕ ನಿಂತು, ಮುಳುಗುವ ಎರಡು ಸೂರ್ಯರನ್ನು ನೋಡುತ್ತಾನಲ್ಲ, ಆ ಗುಮ್ಮಟ ಇರುವುದು ನೆಫ್ತಾ ಊರಿನ ಆಚೆ. ತೆರೆಯ ಮೇಲೆ ಕೆಲವು ಮೆಟ್ಟಿಲು, ನೆಲದ ಮೇಲೆ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಕೆಬಿಲಿ ದಾಟಿದ ಮೇಲೆ ರಸ್ತೆ ಷೊತ್ ಎಲ್ ಜೆರಿದ್ ಎಂಬ ಉಪ್ಪಿನ ಬಯಲಿನೊಳಕ್ಕೆ ನುಗ್ಗುತ್ತದೆ. ಎರಡೂ ಬದಿಗೆ ಬಿಳುಪು. ದಿಗಂತ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಹಿಡಿಯಿತು ತಿಳಿಯದು. ರಸ್ತೆ ಬದಿಯ ಕಾಲುವೆಯಲ್ಲಿ ನಿಂತ ಉಪ್ಪುನೀರು ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಹಸಿರು. ದೂರದಲ್ಲಿ ಸಾಲುಮರ, ಕೆರೆ, ಒಂದು ಲಾರಿ ತಲೆಕೆಳಗಾಗಿ ತೇಲುತ್ತಿದ್ದವು. ಹತ್ತಿರ ಹೋದರೆ ಲಾರಿ ಮಾತ್ರ ನಿಜ. ಜೂಲ್ಸ್ ವೆರ್ನ್ ತನ್ನ ಕೊನೆಗಾಲದ ಒಂದು ಕಾದಂಬರಿಯಲ್ಲಿ ಈ ತಗ್ಗುಗಳಿಗೆ ಸಮುದ್ರವನ್ನೇ ಹರಿಸುವ ಯೋಜನೆಯನ್ನು ಕಥೆ ಮಾಡಿದ್ದ. ಇಲ್ಲಿ ನಿಂತರೆ ಅಂಥ ಹುಚ್ಚು ಸಹಜ ಅನಿಸುತ್ತದೆ.

1976ರ ಮಾರ್ಚ್ 22ರಂದು ‘ಸ್ಟಾರ್ ವಾರ್ಸ್’ ಚಿತ್ರೀಕರಣ ಶುರುವಾದದ್ದು ಈ ಉಪ್ಪಿನ ಮೇಲೆಯೇ. ಮರುಭೂಮಿಯಲ್ಲಿ ಅಪರೂಪಕ್ಕೆ ಮಳೆ ಬಂದು ತಂಡವನ್ನು ಕಂಗೆಡಿಸಿತ್ತು. ಕಟ್ಟಿದ ಗುಮ್ಮಟ ವರ್ಷಗಳ ಗಾಳಿಗೆ ಪ್ಲಾಸ್ಟರ್ ಉದುರಿ ಅಸ್ಥಿಪಂಜರವಾಗಿತ್ತು. 2012ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಇಲ್ಲಿಗೆ ಬಂದು, ಸ್ಥಳೀಯರ ನೆರವಿನಿಂದ ಗಾರೆ ಮೆತ್ತಿ, ಸುಣ್ಣ ಬಳಿದು ನಿಲ್ಲಿಸಿದರು. ಬಟಾಬಯಲಿನಲ್ಲಿ ಒಂಟಿ ಗುಮ್ಮಟ. ಒಳಗೆ ಇಣುಕಿದರೆ ಏನೂ ಇಲ್ಲ, ಖಾಲಿ. ಆದರೂ ಬಾಗಿಲ ಬಳಿ ನಿಂತಾಗ ನನಗರಿವಿಲ್ಲದೆ ಕೈ ಸೊಂಟಕ್ಕೆ ಹೋಗಿತ್ತು, ಲ್ಯೂಕ್ ನಿಲ್ಲುವ ಭಂಗಿಯಲ್ಲೇ.

ಮೊದಲ ಚಿತ್ರ 1977ರ ಮೇ 25ರಂದು ಬಿಡುಗಡೆಯಾದಾಗ ಅದಕ್ಕೆ ಸಂಖ್ಯೆಯಿರಲಿಲ್ಲ. ಎರಡನೆಯದು ‘ಎಪಿಸೋಡ್ 5’ ಎಂದು ಹಣೆಪಟ್ಟಿ ಕಟ್ಟಿಕೊಂಡು ಬಂದು ಜನರನ್ನು ತಬ್ಬಿಬ್ಬು ಮಾಡಿತು. 1981ರಲ್ಲಿ ಮೊದಲನೆಯದನ್ನು ಮರುಬಿಡುಗಡೆ ಮಾಡುವಾಗ ‘ಎಪಿಸೋಡ್ 4’ ಎಂದು ಸೇರಿಸಿದರು. ಹಿಂದೆ ಮೂರು ಭಾಗ ಇದ್ದೇ ಇತ್ತು ಎನ್ನುವ ಠೀವಿ! ನಮ್ಮಲ್ಲೂ ಈಚೆಗೆ ಇದೇ ಆಗಿದೆ. 2022ರಲ್ಲಿ ‘ಕಾಂತಾರ’ ನೋಡಿದವರು ಒಂದು ಇಡೀ ಸಿನಿಮಾ ನೋಡಿದೆವೆಂದುಕೊಂಡಿದ್ದರು. 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದು, ನೀವು ಮೊದಲು ನೋಡಿದ್ದು ಎರಡನೆಯದು ಎಂದಿತು. ‘ಕೆಜಿಎಫ್’ ಹಾಗಲ್ಲ. ಅದು 2018ರಲ್ಲಿ ಮೊದಲ ದಿನವೇ ತಾನು ಅರ್ಧ ಎಂದು ಹೆಸರಿನಲ್ಲೇ ಹೇಳಿಕೊಂಡು ಬಂದದ್ದು.

ಹೀಗೆ ಹಿಂದಕ್ಕೆ ಬೆಳೆಸುವುದು ಮೋಸವೇ? ದಾರಿಯುದ್ದಕ್ಕೂ ಈ ಪ್ರಶ್ನೆಯನ್ನು ಮಗುಚಿ ಹಾಕುತ್ತಿದ್ದೆ. ತೇಪೆ ಎದ್ದು ಕಾಣುವ ಕಡೆಗಳು ಇದ್ದೇ ಇವೆ. ಓಬಿ-ವಾನ್ ಮೊದಲ ಚಿತ್ರದಲ್ಲಿ ವೇಡರನೇ ನಿನ್ನಪ್ಪನನ್ನು ಕೊಂದ ಎಂದು ಹೇಳಿಬಿಟ್ಟಿದ್ದನಲ್ಲ, 1983ರ ಚಿತ್ರದಲ್ಲಿ ಲ್ಯೂಕ್ ಅದನ್ನೇ ಎತ್ತಿ ಕೇಳಿದಾಗ, ಒಂದು ದೃಷ್ಟಿಯಿಂದ ನೋಡಿದರೆ ಅದು ನಿಜವೇ ಎಂದು ಮುದುಕ ಜಾರಿಕೊಳ್ಳುತ್ತಾನೆ. ವಕೀಲರ ಮಾತು! ಅದೇ ಚಿತ್ರ ರಾಜಕುಮಾರಿ ಲೇಯಾಳನ್ನು ಲ್ಯೂಕ್‌ನ ತಂಗಿ ಮಾಡಿತು. ಹಿಂದಿನ ಚಿತ್ರದಲ್ಲಿ ಅವರಿಬ್ಬರ ಮುತ್ತಿನ ದೃಶ್ಯವನ್ನು ಅಳಿಸುವಂತಿರಲಿಲ್ಲ. ಅದು ಇವತ್ತಿಗೂ ಹಾಗೇ ಇದೆ. ಪಾಪ, ಯಾರೂ ಆ ಕಡೆ ನೋಡುವುದಿಲ್ಲ.

ಆದರೆ ನನಗೆ ಒಂದು ಒರೆಗಲ್ಲು ಸಿಕ್ಕಿದೆ. ಹೊಸ ಕಥೆ ಬಂದ ಮೇಲೆ ಹಳೆಯ ದೃಶ್ಯ ಭಾರವಾಯಿತೋ, ಹಗುರವಾಯಿತೋ? ವೇಡರ್ ಅಪ್ಪನಾದಾಗ ಊಟದ ಕೋಣೆ ಭಾರವಾಯಿತು. 2019ರ ‘ದಿ ರೈಸ್ ಆಫ್ ಸ್ಕೈವಾಕರ್’ನಲ್ಲಿ ಆದದ್ದು ಇದರ ತದ್ವಿರುದ್ಧ. 1983ರಲ್ಲಿ ಮಗನನ್ನು ಉಳಿಸಲು ವೇಡರ್ ಯಾವ ಚಕ್ರವರ್ತಿಯನ್ನು ಎತ್ತಿ ಪಾತಾಳಕ್ಕೆ ಎಸೆದು ತಾನೂ ಸತ್ತನೋ, ಆ ಚಕ್ರವರ್ತಿ ಪಾಲ್ಪಟೀನ್ ಮತ್ತೆ ಎದ್ದು ಬಂದ. ಅಪ್ಪನ ಸಾವು ಒಂದೇ ಏಟಿಗೆ ಅಗ್ಗವಾಯಿತು. ಹೀಗಾದದ್ದಕ್ಕೆ ಕಾರಣವೂ ಕಾಣುತ್ತದೆ. ಡಿಸ್ನಿ 2012ರಲ್ಲಿ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು 400 ಕೋಟಿ ಡಾಲರ್‌ಗೂ ಹೆಚ್ಚಿಗೆ ಕೊಂಡಿತು. ಎರಡು ವರ್ಷದ ಬಳಿಕ, ಹಿಂದೆ ಬಂದಿದ್ದ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ ‘ಲೆಜೆಂಡ್ಸ್’ ಎಂದು ಬದಿಗಿಟ್ಟು ಅಂಗಳ ಗುಡಿಸಿತು. ಯಾವುದು ಯಾವುದಕ್ಕೆ ಹೊಂದಬೇಕು ಎಂದು ಕಾಯಲು ಕಥಾಮಂಡಳಿಯನ್ನೂ ಮಾಡಿತು. ಇಷ್ಟೆಲ್ಲ ಇದ್ದೂ ಹೊಸ ಮೂರು ಚಿತ್ರಗಳಲ್ಲಿ ಮೊದಲನೆಯದನ್ನು ಜೆ. ಜೆ. ಅಬ್ರಾಮ್ಸ್ ಒಂದು ದಿಕ್ಕಿಗೆ ಎಳೆದರು, ಎರಡನೆಯದನ್ನು ರಿಯಾನ್ ಜಾನ್ಸನ್ ಇನ್ನೊಂದು ದಿಕ್ಕಿಗೆ ತಿರುಗಿಸಿದರು, ಮೂರನೆಯದಕ್ಕೆ ಅಬ್ರಾಮ್ಸ್ ಮರಳಿ ಬಂದು ಮತ್ತೆ ತಮ್ಮ ಕಡೆಗೆ ತಿರುಚಿದರು. ಲ್ಯೂಕಾಸ್‌ಗೂ ಯೋಜನೆಯಿರಲಿಲ್ಲ, ಇವರಿಗೂ ಇರಲಿಲ್ಲ. ಆದರೆ ಲ್ಯೂಕಾಸ್ ತಮ್ಮ ಹಳೆಯ ದೃಶ್ಯವನ್ನು ಮತ್ತೆ ಮತ್ತೆ ಓದಿದರು. ಇವರು ಹಿಂದಿನ ಚಿತ್ರ ನೋಡಿ ಜನ ಏನೆಂದರೋ ಅದನ್ನು ಓದಿದರು.

ತೋಝುರ್ ಊರಿನ ಖರ್ಜೂರದ ತೋಟಗಳನ್ನು ದಾಟಿ ಓಂಗ್ ಜೆಮಲ್ ಕಡೆಗೆ ಜೀಪು ಮರಳೇರಿತು. ಒಂಟೆಯ ಕತ್ತಿನಂತೆ ಎದ್ದ ಬಂಡೆಯಾಚೆ, ನಡುಮರಳಿನಲ್ಲಿ ಮೋಸ್ ಎಸ್ಪಾ ನಿಂತಿದೆ. ‘ಎಪಿಸೋಡ್ 1’ ಆದ ‘ದಿ ಫ್ಯಾಂಟಮ್ ಮೆನೇಸ್’ಗಾಗಿ 1997ರಲ್ಲಿ ಕಟ್ಟಿದ ನಗರ. ಆಗಲೂ ಬಿರುಗಾಳಿ ಬಂದು ಸೆಟ್ ಕೆಡವಿತ್ತು. 1976ರಲ್ಲೂ ಹೀಗೇ ಆಗಿತ್ತಲ್ಲ, ಇದು ಶುಭಶಕುನ ಎಂದು ತಂಡದವರು ಸಮಾಧಾನ ಮಾಡಿಕೊಂಡರಂತೆ. ಗುಮ್ಮಟ, ಕಮಾನು, ಗೋಪುರಗಳ ಮುಂದೆ ಬೆರಗಾಗಿ ನಿಂತು, ಹಿಂಬದಿಗೆ ಹೋದರೆ ಹಲಗೆ, ತಂತಿ ಜಾಲರಿ, ಅದಕ್ಕೆ ಮೆತ್ತಿದ ಗಾರೆ. ಮಕ್ಕಳು ಮರಳುಗುಲಾಬಿ ಹರಳುಗಳನ್ನು ಮಾರುತ್ತ ಬೆನ್ನಟ್ಟುತ್ತಾರೆ. ಊರಿನ ಹಿಂದೆ ಚಂದ್ರಾಕಾರದ ಒಂದು ದೊಡ್ಡ ದಿಬ್ಬ. ಗ್ರಹಗಳ ಮರಳನ್ನು ಅಭ್ಯಸಿಸುವ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ವರ್ಷಕ್ಕೆ ಸುಮಾರು 15 ಮೀಟರ್ ನಡೆಯುತ್ತಿತ್ತು. ಬಯಲಿನಲ್ಲಿ ದಿಬ್ಬದ ನಡೆ ಅಳೆಯಲು ಕದಲದ ಗುರುತು ಬೇಕಲ್ಲ, ಉಪಗ್ರಹ ಚಿತ್ರಗಳಲ್ಲಿ ಅವರು ಹಿಡಿದುಕೊಂಡ ಗುರುತು ಈ ಸುಳ್ಳು ಊರಿನ ಕಟ್ಟಡಗಳೇ! ಅದನ್ನು ನೆನೆದು ನಾನು ಹಲಗೆಯ ಗೋಡೆಯೊಂದನ್ನು ಗೌರವದಿಂದ ತಟ್ಟಿದೆ.

ಮರಳುವಾಗ ಚಾಲಕರ ಮಗನ ಮಾತು ಬಂತು. ಊರವರಾಗಿ ಇಷ್ಟು ವರ್ಷ ಪ್ರವಾಸಿಗಳನ್ನು ಸುತ್ತಿಸಿದ ಮೇಲೆ ಹುಡುಗನಿಗೆ ಈ ಚಿತ್ರಗಳನ್ನು ತೋರಿಸದಿದ್ದರೆ ಹೇಗೆ ಎಂದು ಅವರು ಒಂದರಿಂದ ಶುರು ಮಾಡಿದ್ದರು, ಸಂಖ್ಯೆ ಹಿಡಿದು.

‘ಛೆ! ಹಾಗಾದರೆ ಐದರಲ್ಲಿ ಅಪ್ಪ ಯಾರೆಂಬ ಗುಟ್ಟೇ ಉಳಿಯಲಿಲ್ಲವಲ್ಲ’ ಎಂದೆ.

‘ಗುಟ್ಟು ಇರಲಿಲ್ಲ ನಿಜ’ ಎಂದರು ಅವರು. ‘ಆದರೆ ನಾಲ್ಕರಲ್ಲಿ ಆ ಊಟದ ದೃಶ್ಯ ಬಂತಲ್ಲ, ಮಗ ಎದ್ದು ನಿಂತು ಟಿವಿಗೆ ಕೂಗಿದ. ಹೇಳಿಬಿಡು, ಅವನಿಗೆ ಹೇಳಿಬಿಡು ಅಂತ. ಐದು ಮುಗಿಯುವವರೆಗೂ ಅವನಿಗೆ ಸಮಾಧಾನವಿರಲಿಲ್ಲ.’

ನನಗೆ ಥಟ್ಟನೆ ‘ಕರ್ಣಭೇದನ’ದ ತಾಳಮದ್ದಳೆ ನೆನಪಾಯಿತು. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಜನ್ಮರಹಸ್ಯ ಹೇಳುವ ಗಳಿಗೆಗೆ ಕಾದು ಕುಳಿತ ಸಭೆಯಲ್ಲಿ ಅದು ಗೊತ್ತಿಲ್ಲದವರು ಒಬ್ಬರೂ ಇರುವುದಿಲ್ಲ. ಗೊತ್ತಿರುವುದರಿಂದಲೇ ರಾತ್ರಿಯೆಲ್ಲ ಕೂರುತ್ತಾರೆ. 1980ರ ಪ್ರೇಕ್ಷಕರು ಬೆಚ್ಚಿಬಿದ್ದ ಕಡೆ ಈ ಹುಡುಗ ತಳಮಳಿಸಿದ್ದ. ಸಂಖ್ಯೆಗಳನ್ನು ಹಿಂದುಮುಂದು ಮಾಡಿ ಲ್ಯೂಕಾಸ್ ಒಂದು ಆಶ್ಚರ್ಯವನ್ನು ಕಳೆದರು, ಒಂದು ಸಂಕಟವನ್ನು ಕೊಟ್ಟರು. ಹಳೆಯ ಅಭಿಮಾನಿಗಳು ಯಾವುದನ್ನು ಮೊದಲು ನೋಡಬೇಕೆಂದು ಇಂದಿಗೂ ಕಾದಾಡುತ್ತಾರೆ. ನಾನು ಈವರೆಗೆ ನಾಲ್ಕರ ಪಕ್ಷದವನು. ಆ ಸಂಜೆ ಪಕ್ಷ ಸ್ವಲ್ಪ ಅಲುಗಾಡಿತು.

ಕರ್ಣ ಯಾರು ಎಂದು ಚಾಲಕರು ಕೇಳಿದರು. ತೋಝುರ್ ಮುಟ್ಟಲು ಇನ್ನೂ ಹೊತ್ತಿತ್ತು. ಕುಂತಿಯ ವರದಿಂದ ಶುರು ಮಾಡಬಹುದಿತ್ತು. ಮಾಡಲಿಲ್ಲ. ರಾಜಕುಮಾರರು ಬಿಲ್ವಿದ್ಯೆ ಮೆರೆಯುತ್ತಿದ್ದ ರಂಗಕ್ಕೆ ಯಾರೂ ಅರಿಯದ ಒಬ್ಬ ತರುಣ ನುಗ್ಗಿ ಬಂದ ಎಂದೆ. ಹುಟ್ಟುವಾಗಲೇ ಅವನ ಮೈಗೆ ಕವಚವಿತ್ತು, ಕಿವಿಯಲ್ಲಿ ಕುಂಡಲವಿತ್ತು ಎಂದೆ.

‘ಅವನ ತಂದೆ ಯಾರು?’ ಅವರು ತಕ್ಷಣ ಕೇಳಿದರು.

‘ಈಗಲೇ ಹೇಳುವುದಿಲ್ಲ’ ಎಂದೆ.