ನಮ್ಮೂರ ಮಾತು, ಭಾಗ 6: ದೇವರ ಪೆಟ್ಟು ಯಾರಿಗೆ?

ಮೊದಲನೇ ಫೋಟೋ ಮರೋಳದ ನಮ್ಮ ಹಳೇ ಮನಿ. ಬಲಗಡೆ ಗ್ವಾಡಿ ಇಲ್ಲ, ನೋಡ್ರಿ.

2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ತುಂಬ ಆ ದೊಡ್ಡ ಮಳೆ ಸುರೀತಲ್ಲ, ಆಗ ನಾನು ಅಂಗನವಾಡಿ ಹುಡುಗಿ. ಮಣ್ಣಿನ ಗ್ವಾಡಿ ಎರಡು ದಿನ ನೆನೆದು ರಾತ್ರೋರಾತ್ರಿ ಕುಸೀತು. ಎಮ್ಮಿ ಸತ್ತಿತು. ಕಾಕಾನ ಕಾಲು ಮುರೀತು, ಇವತ್ತಿಗೂ ಕುಂಟತಾನ. ಇದಕ್ಕ ನಮ್ಮ ಆಯಿ ಒಂದು ಕಾರಣ ಹಿಡಕೊಂಡಾಳ. ಆ ವರ್ಷ ಬನದ ಹುಣ್ಣಿಮಿಗೆ ಬಾದಾಮಿ ಬನಶಂಕರಿಗೆ ಹೋಗೋದು ತಪ್ಪಿತ್ತು, ಹರಕಿ ಹಂಗೇ ಉಳಿದಿತ್ತು. "ತಪ್ಪು ನಂದು, ಬಡಿದದ್ದು ಅವನ ಕಾಲಿಗೆ" ಅಂತಾಳ. ಎಷ್ಟು ವರ್ಷದಿಂದ!

ಈ ಸಲ ಹಾಸ್ಟೆಲ್‌ನಾಗ ರೂಮ್‌ಮೇಟ್‌ಳ ಬೈಬಲ್ ತಗೊಂಡು ಆಮೋಸನ ಪುಸ್ತಕ ಓದಿದೆ. ಒಂಬತ್ತೇ ಅಧ್ಯಾಯ. ಕ್ರಿ.ಪೂ. 8ನೇ ಶತಮಾನದವ, ತೆಕೋವ ಅನ್ನೋ ಊರಾಗ ಕುರಿ ಕಾಯ್ತಿದ್ದ, ಅತ್ತಿಹಣ್ಣು ನೋಡಿಕೊಳ್ತಿದ್ದ. ಮೊದಲು ಸುತ್ತಲಿನ ಏಳು ನಾಡಿಗೆ ದೇವರ ತೀರ್ಪು ಹೇಳ್ತಾನ. ಕೇಳಿದವರು ಖುಷಿಯಿಂದ ತಲೆ ಹಾಕಿರಬೇಕು. ಎಂಟನೇದು ಕೇಳ್ತಾ ನಿಂತವರ ಪಾಳಿ! ಆಮ್ಯಾಲೆ ಅಲ್ಲಿನ ಪುರೋಹಿತ "ನಿಮ್ಮೂರಿಗೆ ಹೋಗಿ ಹೇಳ್ಕೋ" ಅಂದದ್ದರಾಗ ಆಶ್ಚರ್ಯ ಇಲ್ಲ.

ಅವರ ಮೇಲಿನ ಆರೋಪ ಏನು? ಅಳತೆ ಸಣ್ಣ ಮಾಡಿದ್ರು, ತಕ್ಕಡಿ ಮೋಸ ಮಾಡಿದ್ರು, ಗೋಧಿ ಅಂತ ಹೊಟ್ಟು ಮಾರಿದ್ರು, ಒಂದು ಜೋಡಿ ಚಪ್ಪಲಿ ಬೆಲೆಗೆ ಬಡವರನ್ನ ಕೊಂಡ್ರು. ಹಬ್ಬ ತಪ್ಪಿಸಿದ್ದಕ್ಕ ಅಲ್ಲ, ಇಷ್ಟೆಲ್ಲಾ ಮಾಡಿ ಮ್ಯಾಲ ಹಬ್ಬಾನೂ ಮಾಡಿದ್ದಕ್ಕ ದೇವರಿಗೆ ಸಿಟ್ಟು. ನಮ್ಮ ಆಯಿ ಜೋಳ ಅಳೆದರ ಸೇರಿನ ಮ್ಯಾಲ ಗುಡ್ಡ ನಿಲ್ಲತೈತಿ. ಆ ಪಟ್ಟಿಯೊಳಗ ಅವಳೆಲ್ಲಿ ಬರ್ತಾಳ?

ಆದರ 4ನೇ ಅಧ್ಯಾಯಕ್ಕ ಬಂದು ಪುಸ್ತಕ ಮುಚ್ಚಿದೆ. ಒಂದು ಊರಿಗೆ ಮಳಿ, ಮಗ್ಗಲ ಊರಿಗೆ ಇಲ್ಲ, ಅದೂ ದೇವರು ಕೊಟ್ಟ ಎಚ್ಚರಿಕೆ ಅಂತೈತಿ. ಎತ್ತಿನ ಒಂದು ಕೋಡು ತೋಯ್ದು ಇನ್ನೊಂದು ಒಣಗಿದ್ದನ್ನ ನಾವೂ ನೋಡೀವಿ. ನೀರಿಲ್ಲದ ಊರಾಗ ಬಡವರೂ ಇದ್ದರಲ್ಲ? ಇದಕ್ಕ ನನ್ನ ಕಡೆ ಉತ್ತರ ಇಲ್ಲ. ಒಂದು ಮಾತ್ರ ಕಂಡೆ: ಮಿಡತೆ ಬರತಾವು ಅಂದಾಗ, ಬೆಂಕಿ ಬರತೈತಿ ಅಂದಾಗ, ಇವರು ಸಣ್ಣವರು ಬಿಟ್ಟುಬಿಡು ಅಂತ ಆಮೋಸನೇ ಬೇಡಿಕೊಂಡ. ಎರಡೂ ಸಲ ದೇವರು ಮನಸ್ಸು ಬದಲಿಸಿದ. ಮೂರನೇ ಸಲ ಗೌಂಡಿ ದಾರಕ್ಕ ಕಟ್ಟಿ ಬಿಡೋ ಗುಂಡು ತೋರಿಸಿದ. ಗ್ವಾಡಿ ಸೊಟ್ಟ ಇತ್ತು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯಾದವರು ಸಮಾರ್ಯ ತಗೊಂಡರು.

ನಿನ್ನೆ ರಾತ್ರಿ ಆಯಿಗೆ ಫೋನ್ ಹಚ್ಚಿ ಇದನ್ನೆಲ್ಲ ಹೇಳಿದೆ. ಭಾಳೊತ್ತು ಸುಮ್ಮನಿದ್ದಳು.

"ಕುರಿ ಕಾಯಾವ ಅಂದಿ?"

"ಹೂಂ ಆಯಿ."

"ಹಂಗಾರ ಮಳಿ ಸುದ್ದಿ ಅವಗ ಗೊತ್ತಿರತೈತಿ. ಆದರೂ ಈ ಸಲ ಬನದ ಹುಣ್ಣಿಮಿಗೆ ಬಾ. ನಿಮ್ಮ ಕಾಕಾನ್ನೂ ಕರಕೊಂಡು ಹೋಗೂಣು."