ಕೂ ಹಾಕಿ ನಡೆಯಿರಿ

ಅಮಾಸೆಬೈಲಿನ ಕಾಡುದಾರಿಯಲ್ಲಿ ಯಾರಾದರೂ ಎದುರಾದರೆ ಮೊದಲು ಕೇಳುವುದು, "ಎಲ್ಲಿಗ್ ಹೊರ್ಟದ್ದ್?" ಅಂತ. "ಎಲ್ಲಿಗೂ ಇಲ್ಲ, ಸುಮ್ನೆ" ಎಂದಿರೋ, ಅವರು ನಿಮ್ಮನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡುತ್ತಾರೆ. ಈ ಮನುಷ್ಯನಿಗೆ ಒಂದೋ ತಲೆ ಸರಿಯಿಲ್ಲ, ಇಲ್ಲವೇ ಹೇಳಬಾರದ ಕೆಲಸ ಏನೋ ಇದೆ. ಕುಂದಾಪುರದಿಂದ ಪೂರ್ವಕ್ಕೆ ಹೋಗಿ ಘಟ್ಟದ ಬುಡ ಮುಟ್ಟಿದಾಗ ಸಿಗುವ ಈ ಊರಿನಲ್ಲಿ ಪ್ರತಿ ಕಾಲ್ದಾರಿಗೂ ಒಂದು ಕಾರಣವಿದೆ. ಗದ್ದೆಗೆ ಸೊಪ್ಪು ತರುವ ದಾರಿ, ದನ ಅಟ್ಟುವ ದಾರಿ, ಮುರುಗಲು ಹೆಕ್ಕುವ ದಾರಿ, ಶಾಲೆಯ ದಾರಿ, ಘಟ್ಟದ ಮೇಲಿನ ನೆಂಟರ ಮನೆಯ ದಾರಿ. ಸುಮ್ಮನೆ ನಡೆಯುವುದಕ್ಕೆಂದು ಯಾರೂ ದಾರಿ ಮಾಡಿಟ್ಟಿಲ್ಲ.

ಅಂಥ ಊರಿಗೆ ನಾನು ಅಣ್ಣನ ಮಗಳನ್ನು ಕರೆದುಕೊಂಡು ಹೋದೆ. ಅವಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವವಳು. ರಜೆ ಸಿಕ್ಕಿದರೆ ರೆಡ್‌ವುಡ್ ಕಾಡಿಗೆ ನಡೆಯಲು ಹೋಗುತ್ತಾಳೆ, ಅದೂ ಯಾವ ಕೆಲಸವೂ ಇಲ್ಲದೆ. ಅವಳು ಹೇಳಿದ ಮ್ಯೂರ್ ವುಡ್ಸ್ ಕಣಿವೆಯ ಕತೆ ನನಗೆ ಪುರಾಣದಂತೆ ಕೇಳಿಸಿತು. ವಿಲಿಯಂ ಕೆಂಟ್ ಎಂಬ ಸಿರಿವಂತ ಆ ಕಣಿವೆಯನ್ನು ಕೊಂಡು ಸರ್ಕಾರಕ್ಕೆ ದಾನ ಕೊಟ್ಟದ್ದರಿಂದ 1908ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತಂತೆ. ಇಲ್ಲದಿದ್ದರೆ ಅದೂ ಹಲಗೆಯಾಗಿ ಹೋಗುತ್ತಿತ್ತು. ಆ ಕರಾವಳಿಯ ಹಳೆಯ ರೆಡ್‌ವುಡ್ ಕಾಡಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕೊಡಲಿಗೆ, ಗರಗಸಕ್ಕೆ ಹೋಗಿ ಆಗಿದೆ. ಉಳಿದದ್ದಕ್ಕೆ ಈಗ ಭಾರಿ ಮರ್ಯಾದೆ. ಕಾರು ನಿಲ್ಲಿಸಲು ಮೊದಲೇ ಜಾಗ ಕಾದಿರಿಸಬೇಕು, ಒಳಗೆ ಹೋಗಲು ಹದಿನೈದು ಡಾಲರ್ ಕೊಡಬೇಕು. ದೊಡ್ಡ ಮರಗಳು ಗುಂಪಾಗಿ ನಿಂತ ಒಂದು ಕಡೆ 'ಸದ್ದು ಮಾಡಬೇಡಿ' ಎಂಬ ಫಲಕವೂ ಇದೆಯಂತೆ.

ಹತ್ತಿರದ ತೊಂಬಟ್ಟಿನ ಅಜ್ಜರೊಬ್ಬರು ನಮ್ಮ ಜೊತೆ ಬರಲು ಒಪ್ಪಿದ್ದರು. ಕೈಯಲ್ಲಿ ಕತ್ತಿ, ಬಾಯಲ್ಲಿ ಎಲೆಯಡಿಕೆ. ನಾವು ಹೋದದ್ದು ಊರಿಗೆ ತಾಗಿದ ಅಭಯಾರಣ್ಯದ ಗಡಿಯ ಈಚೆಗೆ, ಊರವರು ದಿನಾ ತುಳಿಯುವ ದಾರಿಯಲ್ಲಿ. ಹುಡುಗಿ ಅಭ್ಯಾಸಬಲದಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. ಅಜ್ಜ ನಿಂತು ತಿರುಗಿ ನೋಡಿದರು. "ಹೀಂಗ್ ಕಳ್ರ್ ಕಣಗೆ ಹ್ವಾಪುಕಾಗ ಮಗಾ, ಕಾಟಿ ಹೆದ್ರಿ ಮೈಮೇಲ್ ಬತ್ತ್. ಕೂ ಹಾಕ್!" ಎಂದವರೇ ತಾವೇ ಒಂದು ಕೂ ಹಾಕಿದರು. ಅದು ಬೆಟ್ಟಕ್ಕೆ ಬಡಿದು ವಾಪಸು ಬಂತು. ತಿರುವಿನಲ್ಲಿ ಕಾಟಿಯನ್ನು, ಅಂದರೆ ಕಾಡುಕೋಣವನ್ನು, ಬೆಚ್ಚಿಬೀಳಿಸುವುದಕ್ಕಿಂತ ದೂರದಿಂದಲೇ 'ಬಂದೆವು' ಎಂದು ತಿಳಿಸುವುದು ಎರಡೂ ಕಡೆಯವರಿಗೆ ಕ್ಷೇಮ. ಮೌನವಾಗಿ ನಡೆದರೆ ಕಾಡಿಗೆ ಗೌರವ ಕೊಟ್ಟಂತೆ ಎಂದು ಆ ಕಣಿವೆಯವರು ತಿಳಿದಿದ್ದಾರೆ. ಇಲ್ಲಿ ಕೂಗು ಹಾಕದೆ ಬಂದವನೇ ಮರ್ಯಾದೆ ಗೊತ್ತಿಲ್ಲದವನು. ಅರ್ಧ ಗಂಟೆಯಲ್ಲಿ ನಮ್ಮ ಹುಡುಗಿಯ ಕೂ ಅಜ್ಜನದಕ್ಕಿಂತ ಜೋರಾಗಿತ್ತು.

ಮರಗಳ ವಿಷಯಕ್ಕೆ ಬಂದರೆ, ಅವಳ ರೆಡ್‌ವುಡ್‌ನ ಮುಂದೆ ನಮ್ಮವು ಗಿಡ್ಡ. ಅಲ್ಲಿ ಅತಿ ಎತ್ತರದ ಮರ 115 ಮೀಟರ್ ದಾಟಿದೆ; ನಮ್ಮ ಧೂಪದ ಮರ 40 ಮೀಟರ್ ಮುಟ್ಟಿದರೆ ದೊಡ್ಡದು. ಆದರೂ ಬುಡದಲ್ಲಿ ನಿಂತು ಕತ್ತೆತ್ತಿದರೆ ಕತ್ತಿಗೆ ಎರಡೂ ಒಂದೇ. ಧೂಪದ ಮರಕ್ಕೆ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆ ತವರಿಲ್ಲ. ಚಿಗುರಿದಾಗ ಎಲೆ ಕೆಂಪು, ಹೂ ಬಿಟ್ಟಾಗ ಬಿಳಿ. ತೊಗಟೆಗೆ ಕಚ್ಚು ಹಾಕಿದರೆ ಒಸರುವ ಅಂಟು ಒಣಗಿ ದೇವರ ಮುಂದಿನ ಹೊಗೆಯಾಗುತ್ತದೆ. ಕಾಯಿಯೊಳಗಿನ ಕೊಬ್ಬಿನಿಂದ ಹಿಂದೆ ಮೇಣದಬತ್ತಿ, ಸಾಬೂನು ಮಾಡುತ್ತಿದ್ದರು. ಕಾಯಿ ಉದುರುವುದು ಮಳೆಗಾಲ ಹಿಡಿಯುವ ಹೊತ್ತಿಗೆ. ಉದುರಿದ ಬೀಜ ಕೂಡಲೇ ಮೊಳೆಯಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆಂದರೆ ಅದು ಕಾಯುವುದಿಲ್ಲ. ಹೀಗಾಗಿ ಮಳೆಯ ಲೆಕ್ಕ ತಪ್ಪಿದರೆ ಧೂಪದ ಲೆಕ್ಕವೂ ತಪ್ಪಿತು. ರೆಡ್‌ವುಡ್ ಇನ್ನೊಂದು ಬಗೆಯ ಜಾಣ. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ. ಕಡಲಿನಿಂದ ಬರುವ ಮಂಜನ್ನು ಎಲೆಯಲ್ಲಿ ಹಿಡಿದು ಬುಡಕ್ಕೆ ತೊಟ್ಟಿಕ್ಕಿಸಿಕೊಳ್ಳುತ್ತದೆ. ಕಾಡಿನ ವರ್ಷದ ನೀರಿನಲ್ಲಿ ಮೂರನೇ ಒಂದು ಪಾಲು ಹೀಗೆ ಮಂಜಿನಿಂದಲೇ ಬರುತ್ತದೆಂದು ಅಳೆದವರಿದ್ದಾರೆ. ಜಡಿಮಳೆಯ ಆಗುಂಬೆ, ಹುಲಿಕಲ್ಲುಗಳನ್ನು ತಲೆಯ ಮೇಲೆ ಇಟ್ಟುಕೊಂಡ ಅಮಾಸೆಬೈಲಿಗೆ ಈ ಉಳಿತಾಯದ ಬುದ್ಧಿ ಬರುವ ಹಾಗೇ ಇಲ್ಲ. ಕೊಡಲಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಹಣೆಬರಹ. ಧೂಪ ಪ್ಲೈವುಡ್ಡಿಗೆ, ಚಹಾ ಪೆಟ್ಟಿಗೆಗೆ ಹೋಯಿತು. ಅದರ ದಾಯಾದಿ ಕಿರಾಲುಬೋಗಿ ರೈಲುಹಳಿಯ ಅಡಿಗೆ ಹೋಯಿತು.

ಇಲ್ಲಿನ ದಾರಿಗಳ ಮೇಲೆ ಸೈನ್ಯವೂ ನಡೆದಿದೆ. ಹತ್ತಿರದ ಹೊಸಂಗಡಿಯಿಂದ ಹುಲಿಕಲ್ಲಿಗೆ ಏರುವ ಘಾಟಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ, ಕರಾವಳಿಯ ಬಾಗಿಲು. ಉಪ್ಪು, ಒಣಮೀನು ಮೇಲೆ. ಕಾಳುಮೆಣಸು, ಅಡಿಕೆ ಕೆಳಗೆ. 1783ರ ಜನವರಿಯಲ್ಲಿ ಕುಂದಾಪುರ ಹಿಡಿದ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಈ ಘಟ್ಟ ಹತ್ತಿಯೇ ಬಿದನೂರು ಗೆದ್ದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಕಿತ್ತುಕೊಂಡ. ಈಗ ಹೊಸಂಗಡಿಯಲ್ಲಿ ನೆಲದಡಿಯ ವಾರಾಹಿ ವಿದ್ಯುದಾಗಾರವಿದೆ, ಘಾಟಿಯಲ್ಲಿ ಬಸ್ಸು ಓಡುತ್ತದೆ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಮ್ಯಾಥ್ಯೂಸ್ ನೆನಪಾಗುವುದಿಲ್ಲ ಬಿಡಿ.

ಅಜ್ಜನ ಕಾಲದಲ್ಲೇ ಇನ್ನೊಂದು ಬಗೆಯ ನಡೆಯುವವರು ಬಂದರು. ನಕ್ಸಲರು ಓಡಾಡಿದ ವರ್ಷಗಳಲ್ಲಿ ಬೆನ್ನಿಗೆ ಚೀಲ, ಕಾಲಿಗೆ ಬೂಟು ಹಾಕಿ ಕಾಡಿನಿಂದ ಇಳಿದವನನ್ನು ನೋಡಿದರೆ ಊರವರ ಎದೆ ಹಾರುತ್ತಿತ್ತು. ಆ ಕಡೆಯವನಾದರೆ ಊಟ ಕೇಳುತ್ತಾನೆ, ಈ ಕಡೆಯವನಾದರೆ 'ಯಾರಿಗೆ ಊಟ ಹಾಕಿದೆ' ಎಂದು ಕೇಳುತ್ತಾನೆ. 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. ಮುಂದಿನ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಹುಡುಗಿಯ ಬೆನ್ನಚೀಲ ನೋಡಿ ಹಾದಿಬದಿಯ ಮನೆಯ ಹೆಂಗಸು ಕ್ಷಣ ಬಾಗಿಲಲ್ಲೇ ನಿಂತದ್ದು ನಾಚಿಕೆಯಿಂದ ಇರಲಿಕ್ಕಿಲ್ಲ.

ಮುಂದೆ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಹಾಕಿದ್ದರು. "ಎಷ್ಟು ಚಂದ ಚಿಕ್ಕಪ್ಪ!" ಎಂದು ಅವಳು ಫೋನು ತೆಗೆದಳು. ಡಿಸೆಂಬರಿನಲ್ಲಿ ಚಂದವೇ, ಕೆಳಗೆ ಪಾದ ಮುಳುಗುವಷ್ಟು ನೀರು. ಆಷಾಢದಲ್ಲಿ ಅದೇ ಸಂಕದ ಮೇಲೆ ಮಕ್ಕಳು ಕೊಡೆ ಹಿಡಿದು, ಚೀಲ ಹೊತ್ತು ಶಾಲೆಗೆ ಹೋಗಬೇಕು. 2022ರ ಆಗಸ್ಟಿನಲ್ಲಿ ಬೈಂದೂರಿನ ಕಾಲ್ತೋಡಿನಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥ ಸಂಕದಿಂದ ಜಾರಿ ಹೊಳೆಯ ಪಾಲಾದಳು. ಇದನ್ನು ಹೇಳಿದ ಮೇಲೆ ಅವಳು ಫೋಟೋ ತೆಗೆಯಲಿಲ್ಲ. ತೆಗೆದಿದ್ದರೂ ತಪ್ಪೇನಿರಲಿಲ್ಲ. ಕಾಡಿನ ದಾರಿ ಚಂದವೆನಿಸಬೇಕಾದರೆ ಸಂಜೆ ವಾಪಸು ಹೋಗಲು ಡಾಂಬರು ರಸ್ತೆ ಇರಬೇಕು. ಆ ರಸ್ತೆಯಿಲ್ಲದವನು ದಾರಿ ಹೊಗಳುವುದನ್ನು ನಾನು ಎಲ್ಲಿಯೂ ಕೇಳಿಲ್ಲ. ಅಭಯಾರಣ್ಯ ಹಿಗ್ಗಿದಂತೆಲ್ಲ ಕಾಡಿನ ಅಂಚಿನವರಿಗೆ ರಸ್ತೆ, ಸೇತುವೆಗೆ ಅನುಮತಿಯ ಕಾಗದ ಓಡಾಡುವುದೇ ದೊಡ್ಡ ಚಾರಣ.

ಹಾಗೆಂದು ಸುಮ್ಮನೆ ನಡೆಯುವವರನ್ನು ನಾನು ಹಳಿಯುವುದಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಟಿಕೇಟು, ದಿನಕ್ಕಿಷ್ಟೇ ಮಂದಿ ಎಂದು ಕಟ್ಟು ಹಾಕಿತು. ಒಳ್ಳೆಯದೇ ಆಯಿತು. ಅಮಾಸೆಬೈಲಿಗೆ ಆ ಜಾತ್ರೆ ಬರುವುದು ಬೇಡ. ಆದರೆ ಗ್ಯಾಸ್ ಬಂದು ಕಟ್ಟಿಗೆಯ ದಾರಿ ಮುಚ್ಚಿತು, ದನ ಕಡಿಮೆಯಾಗಿ ಮೇವಿನ ದಾರಿ ಮುಚ್ಚಿತು. ಉಳಿದ ನಾಲ್ಕು ದಾರಿಗಳನ್ನು ಬಲ್ಲ ಅಜ್ಜನಂಥವರ ಹಿಂದೆ ನಾಲ್ಕಾರು ಮಂದಿ ಕೂಲಿ ಕೊಟ್ಟು ನಡೆದರೆ, ದಾರಿಯೂ ಉಳಿದೀತು, ಧೂಪಕ್ಕೂ ಬೋಗಿಗೂ ವ್ಯತ್ಯಾಸ ತಿಳಿದವರೂ ಉಳಿದಾರು.

ವಾಪಸು ಬಂದು ಅಂಗಳದಲ್ಲಿ ಮುರುಗಲು ಪಾನಕ ಕುಡಿಯುತ್ತಿದ್ದಾಗ ಹದಿನೈದು ಡಾಲರಿನ ಮಾತು ಬಂತು. ನಮ್ಮ ಲೆಕ್ಕದಲ್ಲಿ ಸಾವಿರದ ಮುನ್ನೂರರ ಹತ್ತಿರ ಎಂದೆ. ಅಜ್ಜ ಎಲೆಯಡಿಕೆ ಉಗಿದು ಬಂದರು.

"ನಡುಕಾ? ಬರೀ ನಡುಕ್ ಸಾವಿರದ್ ಮುನ್ನೂರಾ? ಅಷ್ಟ್ ಕೊಟ್ರೆ ನಾನ್ ಹೊತ್ಕಂಡೇ ಹೋತಿದ್ದೆ ಮಾರಾಯ್ರೆ!"

ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿಯ ಕಡೆ ತಿರುಗಿ, ಆ ಟಿಕೇಟಿನಲ್ಲಿ ಊಟವೂ ಸೇರಿದೆಯೋ ಎಂದು ವಿಚಾರಿಸಿದರು.