ಬೇಕಾದಾಗ ಫೋನ್ ಮಾಡಿ

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರ ಸಂಧಿವಾತ ವಿಭಾಗಕ್ಕೆ ನಾನು ನರ್ಸಾಗಿ ಸೇರಿದ ಕಾಲಕ್ಕೆ ಆರು ತಿಂಗಳೆಂದರೆ ಆರು ತಿಂಗಳು. ನೋವಿರಲಿ ಬಿಡಲಿ, ರೋಗಿ ತಪಾಸಣೆಗೆ ಬರಲೇಬೇಕು. ಚೆನ್ನಾಗಿದ್ದವರು ಕೆಲಸಕ್ಕೆ ರಜೆ ಹಾಕಿ, ಪಾರ್ಕಿಂಗಿಗೆ ದುಡ್ಡು ತೆತ್ತು, ಕಾದು ಕೂತು ಒಳಗೆ ಬಂದು ‘ಏನೂ ತೊಂದರೆಯಿಲ್ಲ’ ಎಂದು ಹೇಳಿ ಹೋಗುತ್ತಿದ್ದರು. ಅದೇ ವಾರ ಗೆಣ್ಣುಗಳು ಊದಿ ಅಂಗಿಯ ಗುಂಡಿ ಹಾಕಲಾರದೆ ಒದ್ದಾಡುವವರಿಗೆ ಜಾಗವಿರುತ್ತಿರಲಿಲ್ಲ. ಅವರ ಸರದಿ ಇನ್ನೂ ತಿಂಗಳುಗಳಾಚೆ. ಈ ಕಾಯಿಲೆಯೋ, ಕ್ಯಾಲೆಂಡರ್ ನೋಡಿ ಕೆರಳುವಂಥದ್ದಲ್ಲ.

ದಾರಿ ಗೊತ್ತಿರಲಿಲ್ಲವೆಂದಲ್ಲ. ಬ್ರಿಸ್ಟಲ್‌ನಲ್ಲಿ ಸಾರಾ ಹ್ಯೂಲೆಟ್, ಜಾನ್ ಕರ್ವನ್ ಮತ್ತು ಸಂಗಡಿಗರು 209 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಕೆನಿಸಿದಾಗ ಮಾತ್ರ ಬನ್ನಿ ಎಂದು ಹೇಳಿ ಆರು ವರ್ಷ ಗಮನಿಸಿದ್ದರು. ಫಲಿತಾಂಶ 2005ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆಸ್ಪತ್ರೆ ಭೇಟಿ ಶೇ 38ರಷ್ಟು ಕಡಿಮೆ. ಆರೋಗ್ಯವೇನೂ ಹೆಚ್ಚು ಕೆಡಲಿಲ್ಲ, ರೋಗಿಗಳಿಗೆ ಸಮಾಧಾನವೇ ಹೆಚ್ಚು. ಆದರೂ ನಮ್ಮಲ್ಲಿ ಹಳೇ ಪದ್ಧತಿ ಅಲುಗಲಿಲ್ಲ. ಅಲುಗಿಸಿದ್ದು ಕೋವಿಡ್. ಆಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ನಡೆಸುವ ಎನ್‌ಎಚ್‌ಎಸ್ ಇಂಗ್ಲೆಂಡ್, 2023ರ ಮಾರ್ಚ್ ಒಳಗೆ ಹೊರರೋಗಿ ಭೇಟಿಗಳಲ್ಲಿ ಶೇ 5ರಷ್ಟನ್ನು ಬೇಕೆನಿಸಿದಾಗ ಮಾತ್ರ ಬರುವ ಪದ್ಧತಿಗೆ ತರಬೇಕೆಂದು ಗುರಿ ಕೊಟ್ಟಿತು.

ರೋಗಿಯ ಕೈಗೆ ಸಿಕ್ಕಿದ್ದು ಒಂದು ಹಾಳೆ. ಅದರಲ್ಲೊಂದು ಫೋನ್ ನಂಬರು, ಯಾವಾಗ ಕರೆ ಮಾಡಬೇಕೆಂಬ ವಿವರ: ಬೆಳಗಿನ ಬಿಗಿತ ಹೆಚ್ಚಿದರೆ, ಕೀಲಿನ ಊತ ಇಳಿಯದಿದ್ದರೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುವವರು ರಕ್ತಪರೀಕ್ಷೆ ಮಾತ್ರ ತಪ್ಪಿಸುವಂತಿಲ್ಲ. ನನ್ನ ಕೆಲಸ ಮೊದಲು ಕೈಯಲ್ಲಿತ್ತು, ಈಗ ಕಿವಿಗೆ ಬಂತು. ಒಬ್ಬೊಬ್ಬರ ಗೆಣ್ಣು ಒತ್ತಿ ನೋಡುತ್ತಿದ್ದವಳು ಬೆಳಗ್ಗೆ ಕೋಟು ಬಿಚ್ಚುವ ಮೊದಲೇ ರೆಕಾರ್ಡಾದ ಸಂದೇಶಗಳನ್ನು ಕೇಳತೊಡಗಿದೆ. ಕೇಳಿ, ನಿಜಕ್ಕೂ ಕಷ್ಟದಲ್ಲಿದ್ದವರನ್ನು ಆ ವಾರವೇ ಕರೆಸುವುದು ಸಾಧ್ಯವಾಯಿತು. ಇದು ಸಣ್ಣ ಲಾಭವಲ್ಲ.

ಆದರೆ ಫೋನೇ ಮಾಡದವರು? ಮಗನ ಮನೆಗೆ ಬಂದು ನೆಲೆಸಿದ್ದ ನಮ್ಮ ಧಾರವಾಡದ ಕಡೆಯ ಅಜ್ಜಿಯೊಬ್ಬರನ್ನು, ರಕ್ತಪರೀಕ್ಷೆ ನೋಡಿ ಗಾಬರಿಯಾದ ಅವರ ಕುಟುಂಬ ವೈದ್ಯರೇ (ಜಿಪಿ) ನಮ್ಮಲ್ಲಿಗೆ ಕಳಿಸಿದ್ದರು. ಮಣಿಕಟ್ಟು ಮಡಚಲು ಬರುತ್ತಿರಲಿಲ್ಲ. ಯಾಕಜ್ಜಿ ಫೋನ್ ಮಾಡಲಿಲ್ಲ ಎಂದೆ. ‘ಮಾಡಿದ್ರ ಇಂಗ್ಲಿಷ್‌ನ್ಯಾಗ ಏನೇನೋ ಕೇಳ್ತಾರವ್ವಾ. ಮಗಾ ಕೆಲಸಕ್ಕ ಹೋಗಿರ್ತಾನ, ಅವಂಗ್ಯಾಕ ತ್ರಾಸು ಅಂತ ಸುಮ್ನ ಕುಂತೆ.’ ಆಸ್ಪತ್ರೆಯಲ್ಲಿ ದುಭಾಷಿ ಸೌಲಭ್ಯ ಉಂಟು, ಆದರೆ ಅದು ಕರೆ ಮಾಡಿದ ಮೇಲಿನ ಮಾತು. ಇಂಗ್ಲಿಷ್ ಮುದುಕರಲ್ಲೂ ಈ ಸಂಕೋಚ ಕಡಿಮೆಯೇನಿಲ್ಲ, ‘ನಿಮಗೆ ನೂರೆಂಟು ಕೆಲಸ’ ಎನ್ನುತ್ತ ನೋವು ನುಂಗಿಕೊಂಡಿರುತ್ತಾರೆ. ಮ್ಯಾನೇಜರುಗಳು ಹೊಸ ಪದ್ಧತಿಗೆ ಎಷ್ಟು ಜನರನ್ನು ಸೇರಿಸಿದಿರಿ ಎಂದು ತಿಂಗಳು ತಿಂಗಳೂ ಕೇಳಿದರು. ಫೋನೆತ್ತಲು ಎಷ್ಟು ಜನ ಇದ್ದೀರಿ ಎಂದು ಕೇಳಲಿಲ್ಲ. ಬಹಳ ದಿನ ಸದ್ದಿಲ್ಲದವರಿಗೆ ನಾವೇ ಕರೆ ಮಾಡುವ ಪಟ್ಟಿಯನ್ನು ನಾವು ನರ್ಸುಗಳೇ ಮಾಡಿಕೊಳ್ಳಬೇಕಾಯಿತು.

ಇಂಗ್ಲೆಂಡಿನಲ್ಲಿ ನಿಮ್ಮ ಜೊತೆಗಿರುವ ಹಿರಿಯರ ಔಷಧಿ ಡಬ್ಬಿಯಲ್ಲಿ ಇಂಥ ಹಾಳೆ ಇದ್ದರೆ ಒಮ್ಮೆ ತೆಗೆದು ನೋಡಿ. ನೋವಿದೆಯೇ ಎಂದು ಅವರನ್ನು ಕೇಳಿ, ಇದ್ದರೆ ಪಕ್ಕದಲ್ಲೇ ಕೂತು ಕರೆ ಮಾಡಿಸಿ.